ಸಹಾಯಾರ್ಥ ಭೋಜನಕೂಟ: ಗಣ್ಯರಿಗೆ ಯಾವ ಕೆಲಸ ಕೊಡಬೇಕು

ಕಷ್ಟದಲ್ಲಿರುವ ಮಕ್ಕಳಿಗಾಗಿ ಮಧ್ಯಾಹ್ನದ ಊಟವಿಟ್ಟು ದೇಣಿಗೆ ಕೂಡಿಸೋಣ ಎಂದು ತೀರ್ಮಾನವಾದ ಕೂಡಲೇ ಸಿದ್ಧವಾಗುವುದು ಗಣ್ಯರ ಪಟ್ಟಿ. ಉದ್ಯಮಿಗಳು, ವೈದ್ಯರು, ಶಾಲಾ ಮುಖ್ಯಸ್ಥರು, ಜನಪ್ರತಿನಿಧಿಗಳು. ಕೇಳಿದವರೆಲ್ಲ "ನಮ್ಮ ಬೆಂಬಲ ಇದ್ದೇ ಇದೆ" ಅನ್ನುತ್ತಾರೆ. ಆ ಮಾತಿಗೆ ಒಂದು ಕೆಲಸ, ಒಂದು ತಾರೀಕು ಅಂಟಿಸದಿದ್ದರೆ ಅದು ಆಹ್ವಾನ ಪತ್ರಿಕೆಯ ಮೇಲಿನ ಹೆಸರಾಗಿಯೇ ಉಳಿಯುತ್ತದೆ. ಪತ್ರಿಕೆಯ ಹೆಸರು ನೋಡಿ ಬರುವವರು ಕಡಿಮೆ, ಪರಿಚಯದವರೊಬ್ಬರು ಫೋನ್ ಮಾಡಿ ಕರೆದರೆಂದು ಬರುವವರೇ ಹೆಚ್ಚು. ಹಾಗಾಗಿ ಪ್ರತಿಯೊಬ್ಬ ಗಣ್ಯರಿಂದ ಕೇಳಬೇಕಾದ್ದು ಇಷ್ಟು: ಒಂದು ಟೇಬಲ್ ತುಂಬಿಸಿ ಕೊಡಿ.

ಟೇಬಲ್ ಲೆಕ್ಕ ಹೀಗೆ. ಐದು ಅಡಿ ಅಗಲದ ದುಂಡು ಟೇಬಲ್‌ಗೆ 8 ಜನ, ಆರು ಅಡಿಯದಕ್ಕೆ 10 ಜನ ಕೂರಬಹುದು. ಜಾಗ ಸಾಲುವುದಾದರೆ 8ರದ್ದೇ ವಾಸಿ. ದೊಡ್ಡ ಟೇಬಲ್‌ನಲ್ಲಿ ಎದುರಿಗೆ ಕೂತವರ ಮಾತು ಗದ್ದಲದಲ್ಲಿ ಕೇಳುವುದಿಲ್ಲ, ಹೊಣೆ ಹೊತ್ತವರಿಗೂ ಒಂಬತ್ತು ಜನರನ್ನು ಒಟ್ಟುಮಾಡುವುದು ಭಾರ. 160 ಜನರ ಊಟವೆಂದರೆ 20 ಟೇಬಲ್, ಅಂದರೆ 20 ಹೊಣೆಗಾರರು. 20 ಜನ ಖಚಿತವಾಗಿ ಸಿಗಬೇಕಾದರೆ ಸುಮಾರು 30 ಜನರ ಬಳಿ ಮಾತಾಡಬೇಕು. ಹೊಣೆಗಾರರೂ ಅಷ್ಟೇ, ತಾವು ಕೂರುವ ಕುರ್ಚಿ ಬಿಟ್ಟು ಉಳಿದ 7 ತುಂಬಲು 12 ಜನರನ್ನಾದರೂ ಕರೆಯಬೇಕು. "ಏಳು ಜನರಿಗೆ ಹೇಳಿದ್ದೇನೆ, ಎಲ್ಲರೂ ಬರ್ತಾರೆ" ಎಂದವರ ಟೇಬಲ್‌ನಲ್ಲೇ ಅಂದು ಮೂರು ಕುರ್ಚಿ ಖಾಲಿ ಕಾಣುವುದು.

ಹೊಣೆಗಾರರನ್ನು 12 ವಾರ ಮೊದಲೇ ಗೊತ್ತುಮಾಡಿ. ಮೂರು ವಾರ ಇರುವಾಗ ಅತಿಥಿಗಳ ಹೆಸರು, ಫೋನ್ ಸಂಖ್ಯೆ, ಯಾರಿಗೆ ಯಾವ ಆಹಾರ ಒಗ್ಗುವುದಿಲ್ಲ ಎಂಬ ವಿವರ ಕೈಸೇರಬೇಕು. ಬೇಕಿರುವುದು ಹೆಸರು, "ನನ್ನ ಕಡೆಯಿಂದ ಎಂಟು ಜನ" ಎಂಬ ಸಂಖ್ಯೆಯನ್ನು ಒಪ್ಪಿಕೊಳ್ಳಬೇಡಿ. ಹೆಸರಿಲ್ಲದ ಕುರ್ಚಿ ಖಾಲಿ ಕುರ್ಚಿ ಎಂದೇ ಹಿಡಿಯಿರಿ. ಊಟದ ಗುತ್ತಿಗೆದಾರರು ಸಾಮಾನ್ಯವಾಗಿ ಮೂರು ದಿನ ಮೊದಲು ಖಚಿತ ಸಂಖ್ಯೆ ಕೇಳುತ್ತಾರೆ. ಆಮೇಲೆ ಜನ ಕಡಿಮೆಯಾದರೂ ಹಣ ಅಷ್ಟಕ್ಕೇ ಕಟ್ಟಬೇಕು. ಊಟ ಉಚಿತವಾಗಿದ್ದರೆ ಕೊನೆ ಗಳಿಗೆಯಲ್ಲಿ ತಪ್ಪಿಸಿಕೊಳ್ಳುವವರು ಟಿಕೆಟ್ ಕೊಂಡವರಿಗಿಂತ ಹೆಚ್ಚು. ಹಿಂದಿನ ದಿನ ನೆನಪಿಸುವ ಫೋನ್ ಹೊಣೆಗಾರರಿಂದಲೇ ಹೋಗಬೇಕು. ಕಚೇರಿಯಿಂದ ಬಂದ ಸಂದೇಶಕ್ಕೆ ಉತ್ತರಿಸದೆ ಸುಮ್ಮನಿರಬಹುದು, ಗೆಳೆಯನ ಫೋನಿಗೆ ಹಾಗೆ ಮಾಡಲಾಗುವುದಿಲ್ಲ.

ಉಚಿತವೋ ಟಿಕೆಟ್ಟೋ ಎಂಬುದನ್ನು ಮೊದಲೇ ನಿರ್ಧರಿಸಿ, ಎರಡನ್ನೂ ಬೆರೆಸಬೇಡಿ. ಟಿಕೆಟ್ ಕೊಂಡು ಬಂದವರು ತಮ್ಮ ಪಾಲು ಕೊಟ್ಟಾಯಿತು ಎಂದುಕೊಂಡಿರುತ್ತಾರೆ. ಊಟದ ನಡುವೆ ಮತ್ತೆ ದೇಣಿಗೆ ಕೇಳಿದರೆ ಮುಖ ಬಿಗಿಯಾಗುತ್ತದೆ, ಅದು ಸಹಜವೇ. ಉಚಿತವಾಗಿ ಕರೆಯುವುದಾದರೆ ಆಹ್ವಾನದಲ್ಲೇ "ಊಟದ ಕೊನೆಯಲ್ಲಿ ದೇಣಿಗೆ ಕೇಳಲಾಗುವುದು" ಎಂದು ಬರೆದಿರಲಿ. ಇದನ್ನು ಹೇಳಲು ಹೊಣೆಗಾರರು ಹಿಂಜರಿಯುತ್ತಾರೆ, "ಸುಮ್ಮನೆ ಊಟಕ್ಕೆ ಬನ್ನಿ" ಎಂದುಬಿಡುತ್ತಾರೆ. ಹಾಗೆ ಬಂದ ಅತಿಥಿಗೆ ಮೋಸ ಹೋದಂತೆ ಅನ್ನಿಸುತ್ತದೆ, ಆ ಸಿಟ್ಟು ಸಂಸ್ಥೆಯ ಮೇಲೆ ಉಳಿಯುತ್ತದೆ. ಫೋನ್‌ನಲ್ಲಿ ಹೇಳಬೇಕಾದ ನಾಲ್ಕು ವಾಕ್ಯಗಳನ್ನು ನೀವೇ ಬರೆದು ಅವರ ಕೈಗೆ ಕೊಡಿ.

ಖರ್ಚಿನ ವಿಷಯಕ್ಕೆ ಬಂದರೆ, ಸಭಾಂಗಣ, ಊಟ, ಮುದ್ರಣ, ಧ್ವನಿವರ್ಧಕ ಇವಿಷ್ಟೂ ಪ್ರಾಯೋಜಕರಿಂದ ಕಾರ್ಯಕ್ರಮಕ್ಕೆ ಮೊದಲೇ ಬಂದಿರಬೇಕು. ಹಾಗಿದ್ದಾಗ ಮಾತ್ರ ಅಂದು ಕೂಡಿದ ಹಣವೆಲ್ಲ ಮಕ್ಕಳಿಗೆ ಹೋಗುತ್ತದೆ ಎಂದು ವೇದಿಕೆಯ ಮೇಲೆ ಹೇಳಬಹುದು. ವಸ್ತುರೂಪದ ಕೊಡುಗೆಗಳಲ್ಲಿ ನೀವು ಹೇಗೂ ಕೊಳ್ಳಬೇಕಿದ್ದದ್ದನ್ನು ಮಾತ್ರ ಸ್ವೀಕರಿಸಿ. ಬೇಡದ ಇನ್ನೂರು ಕೈಚೀಲ ಬಂದರೆ ಅದನ್ನು ಸಾಗಿಸಲು, ಇಡಲು, ಹಂಚಲು ನಿಮ್ಮದೇ ಜನ ಬೇಕು. ಸಮಿತಿಯಲ್ಲಿರುವವರೇ ಊಟವನ್ನೋ ಮುದ್ರಣವನ್ನೋ ಹಣಕ್ಕೆ ಒದಗಿಸುವುದಾದರೆ ಬೇರೆ ಕಡೆಯಿಂದಲೂ ಲಿಖಿತ ದರ ತರಿಸಿ, ನಿರ್ಧಾರ ಮಾಡುವಾಗ ಅವರನ್ನು ಹೊರಗಿಡಿ. ಮುಜುಗರ ಆದರೂ ಆಗಲಿ.

ಕೆಲಸದ ದಿನದ ಮಧ್ಯಾಹ್ನವಾದರೆ ನಿಮ್ಮ ಕೈಗೆ ಸಿಗುವುದು ಒಂದು ಗಂಟೆ, ಬಹಳವೆಂದರೆ ಎಪ್ಪತ್ತೈದು ನಿಮಿಷ. 12 ಗಂಟೆಗೆ ಬಾಗಿಲು ತೆರೆದರೆ 12.15ಕ್ಕೆ ಎಲ್ಲರೂ ಕೂತಿರಬೇಕು. ಮೊದಲ ತಿನಿಸನ್ನು ಜನ ಬರುವ ಮುಂಚೆಯೇ ಟೇಬಲ್ ಮೇಲೆ ಇಡಿಸಿದರೆ ಹತ್ತು ನಿಮಿಷ ಉಳಿಯುತ್ತದೆ, ಆದರೆ ತಣ್ಣಗೆ ತಿನ್ನುವಂಥದ್ದಾಗಿರಬೇಕು. ದೇಣಿಗೆಯ ಮನವಿ 12.50ಕ್ಕೆ ಬರಲಿ. 1 ಗಂಟೆ ದಾಟಿತೆಂದರೆ ಕುರ್ಚಿ ಹಿಂದೆ ಸರಿಸುವ ಸದ್ದು ಶುರುವಾಗುತ್ತದೆ. ಮನವಿಯ ಹೊತ್ತಿಗೆ ಊಟದ ಕೊನೆಯ ಸಿಹಿಯೂ ಟೇಬಲ್‌ಗೆ ಬಂದಿರಬೇಕು, ಬಡಿಸುವವರು ಒಳಗೆ ಹೋಗಿ ನಿಲ್ಲಬೇಕು. ತಟ್ಟೆ ಎತ್ತುವ ಸದ್ದಿನ ನಡುವೆ ಹೋದ ಮನವಿಯನ್ನು ಯಾರೂ ಕೇಳಿಸಿಕೊಂಡಿರುವುದಿಲ್ಲ. ಇದನ್ನು ಗುತ್ತಿಗೆದಾರರ ಮೇಲ್ವಿಚಾರಕರಿಗೆ ನಿಮಿಷಗಳ ಲೆಕ್ಕದಲ್ಲಿ ಬರೆದು ಕೊಡಿ.

ಈ ವೇಳಾಪಟ್ಟಿಯನ್ನು ಹಾಳುಮಾಡುವುದು ಭಾಷಣಗಳು. ಐವರು ಗಣ್ಯರಿಗೆ "ಎರಡು ಮಾತು" ಎಂದರೆ ಅರ್ಧ ಗಂಟೆ ಹೋಯಿತು. ಹೊಣೆಗಾರರೆಲ್ಲರ ಹೆಸರು ಊಟದ ಹೊತ್ತಿನಲ್ಲಿ ಪರದೆಯ ಮೇಲೆ ಬರಲಿ, ಮಾತು ಮೂವರಿಗೆ ಸಾಕು: ಸ್ವಾಗತಿಸುವವರು, ಮಕ್ಕಳಿಗಾಗಿ ನಡೆಯುವ ಕೆಲಸವನ್ನು ವಿವರಿಸುವವರು, ದೇಣಿಗೆ ಕೇಳುವವರು. ಮೂರನೆಯವರ ಆಯ್ಕೆಯಲ್ಲಿ ಎಚ್ಚರವಿರಲಿ. ಸಂಸ್ಥೆಯ ಸಂಬಳದವರು ಕೇಳುವುದಕ್ಕೂ ತಾವೇ ಮೊದಲು ಕೊಟ್ಟಿರುವ ಊರಿನ ಹಿರಿಯರೊಬ್ಬರು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ. ಅವರು ಕೊಟ್ಟಿರಲೇಬೇಕು, ಎಷ್ಟೆಂದು ಹೇಳಬೇಕಾಗಿಲ್ಲ. "ಕೈಲಾದಷ್ಟು ಕೊಡಿ" ಎಂದರೆ ಕೈಗೆ ಸಿಕ್ಕಷ್ಟು ಬರುತ್ತದೆ. ಒಂದು ಮಗುವಿನ ಒಂದು ವರ್ಷದ ಖರ್ಚು ಎಷ್ಟು ಎಂದು ಹೇಳಿ, ಆ ಮೊತ್ತವನ್ನೇ ಕೇಳಿ. ಆಮೇಲೆ ಎರಡು ನಿಮಿಷ ವೇದಿಕೆಯಿಂದ ಒಂದು ಮಾತೂ ಬರಬಾರದು, ಜನ ಬರೆಯಲಿ. ಆ ಮೌನ ನಿರೂಪಕರಿಗೆ ತಡೆಯಲಾಗುವುದಿಲ್ಲ, ನಡುವೆ ಏನಾದರೂ ಹೇಳಿ ಕೆಡಿಸುತ್ತಾರೆ. ಮೈಕ್ ಆರಿಸಿಬಿಡುವುದೇ ಸುಲಭದ ಉಪಾಯ.

ಎಷ್ಟು ಕೊಡುತ್ತೇವೆಂದು ಅತಿಥಿಗಳು ಬರೆದುಕೊಡುವ ವಾಗ್ದಾನದ ಚೀಟಿಯಲ್ಲಿ ದೊಡ್ಡ ಮೊತ್ತ ಮೇಲೆ, ಸಣ್ಣದು ಕೆಳಗೆ, ಕೊನೆಗೊಂದು ಖಾಲಿ ಗೆರೆ. ಹೆಸರು ಮೊದಲೇ ಅಚ್ಚಾಗಿದ್ದರೆ ಅಕ್ಷರ ಓದಲಾಗದ ಸಮಸ್ಯೆ ಇಲ್ಲ. ಪಾವತಿ ಹೇಗೆ, ಯಾವ ತಾರೀಕಿಗೆ ಎಂಬ ಎರಡು ಗೆರೆ ಇರಲೇಬೇಕು, ಬಿಟ್ಟುಹೋಗುವುದೂ ಇವೇ. ಪ್ರತಿ ತಟ್ಟೆಯ ಪಕ್ಕ ಒಂದು ಪೆನ್, ಒಂದು ಲಕೋಟೆ. ಟೇಬಲ್‌ಗೊಂದು ಪೆನ್ ಸಾಲದು. ಫೋನ್‌ನಿಂದ ಸ್ಕ್ಯಾನ್ ಮಾಡಿ ಕೊಡುವ ವ್ಯವಸ್ಥೆ ಇದ್ದರೂ ಚೀಟಿ ಬಿಡಬೇಡಿ, ನೂರಾರು ಜನ ಒಟ್ಟಿಗೆ ಪ್ರಯತ್ನಿಸಿದಾಗ ಸಭಾಂಗಣದ ನೆಟ್‌ವರ್ಕ್ ಕೈಕೊಡುವುದುಂಟು. ಲಕೋಟೆಗಳನ್ನು ಹೊಣೆಗಾರರು ಮುಚ್ಚಿಯೇ ತೆಗೆದುಕೊಳ್ಳಲಿ. ನಗದು ಎಣಿಸಲು ಇಬ್ಬರು, ಇಬ್ಬರದೂ ಸಹಿ. ಹಲವು ದೇಶಗಳಲ್ಲಿ ಟಿಕೆಟ್ ದರದಿಂದ ಊಟದ ಬೆಲೆ ಕಳೆದು ಉಳಿದದ್ದಕ್ಕಷ್ಟೇ ತೆರಿಗೆ ವಿನಾಯಿತಿ ಇರುವುದರಿಂದ ರಸೀದಿಯ ನಮೂನೆಯನ್ನು ಲೆಕ್ಕಪರಿಶೋಧಕರಿಗೆ ಮೊದಲೇ ತೋರಿಸಿ.

"ನೀವು ಕೊಟ್ಟಷ್ಟನ್ನೇ ನಾನೂ ಸೇರಿಸುತ್ತೇನೆ" ಎಂದು ಗಣ್ಯರೊಬ್ಬರು ಮುಂದೆ ಬಂದರೆ ಒಳ್ಳೆಯದು. ಗರಿಷ್ಠ ಎಷ್ಟು, ಯಾವ ದಿನದವರೆಗೆ ಎಂದು ಬರಹದಲ್ಲಿ ಪಡೆಯಿರಿ. ಯಾರು ಕೊಡಲಿ ಬಿಡಲಿ ಅವರು ಅಷ್ಟೂ ಕೊಡುವವರೇ ಆಗಿದ್ದರೆ ಅದನ್ನು ಸಮಪಾಲು ಎಂದು ಘೋಷಿಸುವುದು ದಾನಿಗಳಿಗೆ ಸುಳ್ಳು ಹೇಳಿದಂತೆ.

ಮಕ್ಕಳನ್ನು ವೇದಿಕೆಗೆ ತರಬೇಡಿ. ಗಣ್ಯರಿಂದ ಈ ಬೇಡಿಕೆ ಬಂದೇ ಬರುತ್ತದೆ: "ಒಬ್ಬ ಹುಡುಗಿ ಬಂದು ಎರಡು ಮಾತಾಡಿದರೆ ಎಲ್ಲರ ಮನ ಕರಗುತ್ತದೆ." ಕರಗಬಹುದು. ಮಾರನೆಯ ದಿನ ಅವಳು ಶಾಲೆಗೆ ಹೋಗುವುದು "ಸಹಾಯ ಪಡೆಯುವವಳು" ಎಂಬ ಗುರುತಿನೊಂದಿಗೆ, ಆ ಸಭಾಂಗಣದಲ್ಲಿ ಅವಳ ಸಹಪಾಠಿಯ ತಂದೆಯೂ ಕೂತಿರಬಹುದು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಗುವಿನ ಖಾಸಗಿತನವನ್ನು ಹಕ್ಕೆಂದೇ ಹೇಳುತ್ತದೆ. ಒತ್ತಾಯಿಸುವವರಿಗೆ ಅದನ್ನು ತೋರಿಸಬಹುದು. ಹಿಂದೆ ನೆರವು ಪಡೆದು ಈಗ ದೊಡ್ಡವರಾಗಿರುವವರು ತಾವಾಗಿ ಒಪ್ಪಿದರೆ ಮಾತಾಡಲಿ. ಹೇಳುವುದನ್ನು ಅವರೇ ಬರೆಯಲಿ, ಕೊನೆಯ ದಿನವೂ ಬೇಡವೆನ್ನುವ ಸ್ವಾತಂತ್ರ್ಯ ಇರಲಿ. ಅದಕ್ಕಾಗಿ ಬದಲಿ ಮಾತುಗಾರರೊಬ್ಬರು ಸಿದ್ಧರಿರಬೇಕು, ಮಕ್ಕಳೊಂದಿಗೆ ಕೆಲಸ ಮಾಡುವ ಶಿಕ್ಷಕಿಯಾದರೆ ಉತ್ತಮ.

ಚೀಟಿಯಲ್ಲಿ "ಪುಸ್ತಕಕ್ಕಾಗಿ" ಎಂದು ಅಚ್ಚಾಗಿದ್ದರೆ ಆ ಹಣವನ್ನು ಪುಸ್ತಕಕ್ಕೇ ಬಳಸಬೇಕು. ಔಷಧಿಗೆ ತುರ್ತಾದರೂ ಮುಟ್ಟುವಂತಿಲ್ಲ. "ಮಕ್ಕಳಿಗೆ ಅಗತ್ಯವಿರುವೆಡೆ" ಎಂದೇ ಬರೆಯಿರಿ. ಮಿಕ್ಕ ಊಟ ಕೊಂಡೊಯ್ಯುವವರನ್ನು ಮೊದಲೇ ಗೊತ್ತುಮಾಡಿ. ಬಿಸಿಯದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣನೆಯದು 5 ಡಿಗ್ರಿಗಿಂತ ಕೆಳಗೆ ಇರಬೇಕು; ಟೇಬಲ್ ಮೇಲೆ ಎರಡು ಗಂಟೆಗೂ ಹೆಚ್ಚು ಕೂತದ್ದನ್ನು ಯಾರಿಗೂ ಕೊಡಬೇಡಿ.

ಊಟ ಮುಗಿದ ಮೇಲೆ ಹೊಣೆಗಾರರಿಗೆ ಇನ್ನೆರಡು ಕೆಲಸ ಉಳಿದಿರುತ್ತದೆ, ಇವನ್ನು ಒಪ್ಪಿಗೆಯ ದಿನವೇ ಹೇಳಿರಬೇಕು. ಎರಡು ದಿನದೊಳಗೆ ತಮ್ಮ ಟೇಬಲ್‌ನ ಎಲ್ಲರಿಗೂ, ಏನೂ ಕೊಡದವರಿಗೂ, ಫೋನ್ ಮಾಡಿ ಕೃತಜ್ಞತೆ ಹೇಳುವುದು. ತಿಂಗಳಾದರೂ ವಾಗ್ದಾನದ ಹಣ ಬಾರದಿದ್ದರೆ ಒಮ್ಮೆ ನೆನಪಿಸುವುದು. ಕಚೇರಿಯ ಪುಸ್ತಕದಲ್ಲಿ ಪ್ರತಿ ಟೇಬಲ್‌ಗೆ ನಾಲ್ಕು ಅಂಕಣ ಹಾಕಿ: ಹೇಳಿದ ಜನ, ಬಂದ ಜನ, ಬರೆದುಕೊಟ್ಟ ಮೊತ್ತ, ಕೈಸೇರಿದ ಮೊತ್ತ. ಮುಂದಿನ ವರ್ಷ ಯಾರಿಗೆ ಟೇಬಲ್ ಕೊಡಬೇಕು, ಯಾರನ್ನು ಅತಿಥಿಯಾಗಿ ಕರೆದರೆ ಸಾಕು ಎಂಬುದನ್ನು ಈ ಅಂಕಣಗಳನ್ನು ನೋಡಿ ತೀರ್ಮಾನಿಸಿ. ಪುಸ್ತಕ ಮಾತ್ರ ಕಚೇರಿಯ ಬೀಗದಲ್ಲೇ ಇರಲಿ, ಒಬ್ಬ ಗಣ್ಯರ ಅಂಕಣ ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಇಬ್ಬರನ್ನೂ ಕಳೆದುಕೊಳ್ಳುತ್ತೀರಿ.