ಅಲಾಸ್ಕಾಕ್ಕೆ ಎತ್ತಂಗಡಿ

18 ಮೇ 2025, ಭಾನುವಾರ ರಾತ್ರಿ, ಬೆಂಗಳೂರು

ಮಳೆ ನಿಲ್ಲುವ ಲಕ್ಷಣವಿಲ್ಲ. ಕರೆಂಟು ಎರಡು ಸಲ ಹೋಗಿ ಬಂತು. ಬೆಳಿಗ್ಗೆ ಬೇಗ ಏಳಬೇಕೆಂದು ಗೊತ್ತಿದ್ದರೂ ನಿದ್ದೆ ಹತ್ತದ ಕಾರಣ ಇದನ್ನು ಬರೆಯುತ್ತ ಕುಳಿತಿದ್ದೇನೆ.

ಮಧ್ಯಾಹ್ನ ‘ಮಿಷನ್: ಇಂಪಾಸಿಬಲ್’ ಸರಣಿಯ ಎಂಟನೆಯ ಚಿತ್ರ ‘ದ ಫೈನಲ್ ರೆಕನಿಂಗ್’ ನೋಡಿ ಬಂದೆ. ಅಮೆರಿಕದವರು 23ರವರೆಗೆ ಕಾಯಬೇಕು, ನಮಗೆ ನಿನ್ನೆಯೇ ಸಿಕ್ಕಿದೆ. ಮೂರು ಗಂಟೆಗೆ ಹತ್ತೇ ಹತ್ತು ನಿಮಿಷ ಕಡಿಮೆಯಿರುವ ಈ ಚಿತ್ರದ ಆರಂಭದಲ್ಲಿ ಬರೀ ಮಾತು. ಹಿಂದಿನ ಏಳು ಚಿತ್ರಗಳ ಕಥೆಯನ್ನು ಪಾತ್ರಗಳು ಒಬ್ಬರಿಗೊಬ್ಬರು ಒಪ್ಪಿಸುವುದನ್ನು ಕೇಳಲಾರದೆ ಪಕ್ಕದ ಸೀಟಿನ ಹುಡುಗ ಮೊಬೈಲ್ ತೆಗೆದುಬಿಟ್ಟಿದ್ದ. ಮುಳುಗಿದ ರಷ್ಯನ್ ಜಲಾಂತರ್ಗಾಮಿಯೊಳಗೆ ನಾಯಕ ಈಥನ್ ಹಂಟ್ ಇಳಿದ ಮೇಲೆ ಆ ಹುಡುಗನೂ ಮೊಬೈಲನ್ನು ಜೇಬಿಗೆ ಸೇರಿಸಿದ. ಜಲಾಂತರ್ಗಾಮಿ ಸಮುದ್ರದ ತಳದಲ್ಲಿ ಮೆಲ್ಲಗೆ ಹೊರಳುತ್ತ, ಟಾರ್ಪಿಡೊಗಳು ಕಳಚಿ ಉರುಳಿ ಬರುವ ಆ ಭಾಗದಲ್ಲಿ ಮಾತಿಗೆ ಅವಕಾಶವೇ ಇಲ್ಲ, ಚಿತ್ರ ಗೆದ್ದಿರುವುದೂ ಅಲ್ಲೇ. ಈಥನ್ ಪಾತ್ರದ, ಅರವತ್ತು ದಾಟಿದ ಟಾಮ್ ಕ್ರೂಸ್ ಬೈಪ್ಲೇನಿನ (ಒಂದರ ಮೇಲೊಂದು ರೆಕ್ಕೆಯಿರುವ ಪುಟ್ಟ ವಿಮಾನದ) ರೆಕ್ಕೆಗೆ ಜೋತುಬಿದ್ದಾಗ ಶಿಳ್ಳೆಗಳೂ ಬಿದ್ದವು.

ನನಗೆ ಗಂಟಲು ಕಟ್ಟಿದ್ದು ಮಾತ್ರ ವಿಲಿಯಂ ಡನ್ಲೋನನ್ನು ಕಂಡಾಗ.

1996ರ ಮೊದಲ ಚಿತ್ರ ನೋಡಿದವರಿಗೆ ಅವನು ನೆನಪಿರಬಹುದು, ಹೆಸರಂತೂ ನೆನಪಿರಲಿಕ್ಕಿಲ್ಲ. ಲ್ಯಾಂಗ್ಲಿಯಲ್ಲಿರುವ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕಚೇರಿಯ ಆ ಬಿಳಿ ಕೋಣೆಗೆ ಹೋಗಿ ಬರುವ ಏಕೈಕ ನೌಕರ ಅವನು. ನೆಲಕ್ಕೆ ಭಾರ ಬಿದ್ದರೆ, ಸದ್ದಾದರೆ, ಮೈಶಾಖದಿಂದ ಕೋಣೆಯ ಉಷ್ಣಾಂಶ ಏರಿದರೆ ಗಂಟೆ ಹೊಡೆಯುವಂಥ ಕೋಣೆ. ಅವನ ಕಾಫಿಗೆ ಏನನ್ನೋ ಬೆರೆಸಿ, ಅವನು ವಾಂತಿ ಮಾಡಲು ಎದ್ದು ಓಡಿದಾಗ, ಮೇಲಿನಿಂದ ಹಗ್ಗದಲ್ಲಿ ಇಳಿದ ಈಥನ್ ಗೂಢಚಾರರ ಪಟ್ಟಿಯನ್ನು ಕದಿಯುತ್ತಾನೆ. ಬೆವರಿನ ಹನಿಯೊಂದು ನೆಲ ಮುಟ್ಟುವ ಮೊದಲು ಅವನು ಅದನ್ನು ಅಂಗೈಯಲ್ಲಿ ಹಿಡಿದದ್ದಕ್ಕೆ ನಾವೆಲ್ಲ ಉಸಿರು ಬಿಟ್ಟೆವು. ಕೊನೆಗೆ ಮೇಲಿನಿಂದ ಜಾರಿದ ಚಾಕು ಡನ್ಲೋನ ಮೇಜಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ. ಮರಳಿ ಬಂದ ಡನ್ಲೋ ಬಾಯಿ ತೆರೆದು ಅದನ್ನೇ ನೋಡುತ್ತಾನೆ. ಮುಂದೆ ಮೇಲಧಿಕಾರಿಯ ಆದೇಶ ಒಂದೇ ಸಾಲಿನದು: ಸಂಜೆಯೊಳಗೆ ಈ ಮನುಷ್ಯ ಅಲಾಸ್ಕಾದ ರಾಡಾರ್ ಕಂಬದಡಿ ಇರಬೇಕು. ಆಗ ಪಿಯುಸಿಯಲ್ಲಿದ್ದ ನಾನೂ ಎಲ್ಲರಂತೆ ನಕ್ಕಿದ್ದೆ.

ಮರುವರ್ಷ ಅಪ್ಪನ ಕಚೇರಿಯಲ್ಲಿ ಒಂದು ಕಡತ ಕಾಣೆಯಾಯಿತು. ಅಲ್ಮೇರಾದ ಬೀಗದಕೈ ಅಪ್ಪನ ಬಳಿಯಿತ್ತು, ಕಡತ ಒಯ್ದವರ ಬಳಿ ಇನ್ನೊಂದಿತ್ತು. ಆಮೇಲೆ ಕಾರಣ ಕೇಳುವ ನೋಟಿಸು, ವಿಚಾರಣೆ, ಮೈಸೂರಿನಿಂದ ಬೀದರಿನ ಆಚೆ ಅಂಚಿಗೆ ವರ್ಗ. ಅಮ್ಮ ಮತ್ತು ನಾವಿಬ್ಬರು ಮೈಸೂರಿನಲ್ಲೇ ಉಳಿದೆವು. ಅಪ್ಪ ಹಬ್ಬಕ್ಕೊಮ್ಮೆ ಬಂದಾಗ ಜೋಳದ ರೊಟ್ಟಿಯ ಕಟ್ಟು ತರುತ್ತಿದ್ದರು. ಅದನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ.

ಈಗ, 29 ವರ್ಷಗಳ ನಂತರ, ಅದೇ ನಟ ರಾಲ್ಫ್ ಸ್ಯಾಕ್ಸನ್ ಅದೇ ಡನ್ಲೋ ಆಗಿ, ನರೆತು, ಬೇರಿಂಗ್ ಸಮುದ್ರದ ಒಂದು ಒಂಟಿ ದ್ವೀಪದ ಮನೆಯಲ್ಲಿ ಹೆಂಡತಿಯೊಂದಿಗೆ ಬದುಕುತ್ತಿದ್ದಾನೆ. ಈಥನ್ ಕ್ಷಮೆ ಕೇಳಲು ಹೊರಟರೆ ಅವನು ಬೇಡವೆನ್ನುತ್ತಾನೆ. ಇಲ್ಲಿಗೆ ತಳ್ಳದಿದ್ದರೆ ತನಗೆ ಈ ಹೆಂಡತಿ ಸಿಗುತ್ತಿರಲಿಲ್ಲವಂತೆ. ಮೇಜಿಗೆ ನಾಟಿದ್ದ ಚಾಕುವನ್ನು ಇಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಇದನ್ನು ಬರೆದವರ ಜಾಣತನವನ್ನು ಮೆಚ್ಚುತ್ತಲೇ ನನಗೆ ಸಣ್ಣ ಸಿಟ್ಟೂ ಬಂತು. ಎತ್ತಂಗಡಿಯಾದವನು ಸುಖವಾಗಿದ್ದನೆಂದು ತೋರಿಸಿಬಿಟ್ಟರೆ ಲೆಕ್ಕ ಚುಕ್ತಾ ಆಗುತ್ತದೆಯೇ? ಅಮ್ಮ ಮೈಸೂರಿನಲ್ಲಿ ಒಬ್ಬಳೇ ಜಗ್ಗಿದ ಆ ಆರು ವರ್ಷವನ್ನು ಯಾವ ಖಾತೆಗೆ ಬರೆಯುವುದು?

ಊಟಕ್ಕೆ ಕುಳಿತಾಗ ಅಪ್ಪನಿಗೆ ಕಥೆ ಹೇಳಿದೆ. ಅವರು ಇಂಗ್ಲಿಷ್ ಚಿತ್ರಗಳನ್ನು ನೋಡುವವರಲ್ಲ, ಆದರೂ ಡನ್ಲೋನ ವಿಷಯ ಬರುತ್ತಿದ್ದಂತೆ ಸಾರಿನ ಬಟ್ಟಲನ್ನು ಪಕ್ಕಕ್ಕಿಟ್ಟು ಕೇಳಿದರು.

“ಸಂಜೆಯೊಳಗೇ ಹೋಗಬೇಕು ಅಂದರೇನಮ್ಮ? ಜಾಯ್ನಿಂಗ್ ಟೈಮ್ ಕೊಡಲಿಲ್ಲವೇ?”

“ಬಟ್ಟೆಬರೆಯನ್ನು ಅಂಚೆಯಲ್ಲಿ ಕಳಿಸಿ ಅಂದರಪ್ಪ.”

“ಹಾಗಾದರೆ ಟಿ.ಎ. ಬಿಲ್ಲೂ ಪಾಸಾಗಿರುವುದಿಲ್ಲ,” ಎಂದು ಒಂದು ಕ್ಷಣ ಸುಮ್ಮನಿದ್ದು, “ಅಷ್ಟು ದೊಡ್ಡ ಕೋಣೆಗೆ ಒಬ್ಬನೇ ಗುಮಾಸ್ತನೇ? ಅವನು ಹೊಟ್ಟೆ ಕೆಟ್ಟು ಎದ್ದುಹೋದರೆ ಆ ಜಾಗದಲ್ಲಿ ಕೂರುವವರು ಯಾರು? ಅದನ್ನು ಕೇಳಬೇಕಾದದ್ದು ಮೇಲಿನವರನ್ನಲ್ಲವೇ?” ಎಂದರು.

ನಾನು ಚಾಕುವಿನ ವಿಷಯ ಹೇಳಿದೆ. ಅಪ್ಪ ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.

“ಅದು ಸಾಕ್ಷ್ಯದ ವಸ್ತು ಕಣಮ್ಮ. ಮಹಜರು ಮಾಡಿ, ಸೀಲು ಹಾಕಿ, ವಿಚಾರಣೆಯ ಕಡತದ ಜೊತೆ ಇಡಬೇಕಾದದ್ದು. ಅವನ ಕೈಲಿ ಉಳಿದಿದೆ ಎಂದರೆ ವಿಚಾರಣೆಯೇ ಆಗಿಲ್ಲ.”

ಆಮೇಲೆ ಆ ದೃಶ್ಯವನ್ನು ತೋರಿಸು ಎಂದರು. ಮೊಬೈಲಿನಲ್ಲಿ ಹಳೆಯ ಚಿತ್ರದ ಆ ಭಾಗವನ್ನು ಹುಡುಕಿ ಕೊಟ್ಟೆ. ಹಗ್ಗದಲ್ಲಿ ತೂಗುತ್ತಿದ್ದ ಟಾಮ್ ಕ್ರೂಸ್‌ನ ಮೇಲೆ ಅವರ ಕಣ್ಣೇ ಹೋಗಲಿಲ್ಲ; ಡನ್ಲೋ ಕಾಣಿಸಿದಾಗಲೆಲ್ಲ ತೆರೆಯ ಮೇಲೆ ಬೆರಳಿಟ್ಟು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಅವನು ಎಷ್ಟು ಸಲ ಎದ್ದುಹೋದ, ಹೋಗುವಾಗ ಬಾಗಿಲು ಎಳೆದುಕೊಂಡನೇ ಎಂದು ನೋಡುತ್ತಿದ್ದರು. ಕರೆಂಟು ಹೋದದ್ದು ಆಗಲೇ. ಕತ್ತಲಲ್ಲಿ ಮೊಬೈಲಿನ ಬೆಳಕು ಅವರ ಗಲ್ಲದ ಮೇಲೆ ಬಿದ್ದಿತ್ತು. “ನೋಡು, ಇಲ್ಲಿ ಬಾಗಿಲು ಹಾಕಿಯೇ ಹೋಗಿದ್ದಾನೆ,” ಎಂದರು, ಮತ್ತೆ ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದರು.