ಮಲ್ಪೆಯಲ್ಲಿ ರಜೆಯೆಂದರೆ ಬೆಳಗ್ಗೆ ಐದೂವರೆ

ಮಲ್ಪೆಗೆ ರಜೆ ಕಳೆಯಲು ಬರುವವರಲ್ಲಿ ಹೆಚ್ಚಿನವರು ಬೆಳಗ್ಗೆ ಉಡುಪಿಯಲ್ಲಿ ಕೃಷ್ಣನ ದರ್ಶನ ಮುಗಿಸಿ, ಊಟ ಮಾಡಿ, ಬಿಸಿಲು ಇಳಿದ ಮೇಲೆ ಆರು ಕಿಲೋಮೀಟರ್ ದೂರದ ಕಡಲತೀರಕ್ಕೆ ಹೋಗುತ್ತಾರೆ. ಒಂದಿಷ್ಟು ನೀರಾಟ, ಚುರುಮುರಿ, ಸೂರ್ಯಾಸ್ತದ ಫೋಟೋ, ಮತ್ತೆ ಊರಿನ ದಾರಿ. ಕಳೆದ ಡಿಸೆಂಬರ್ ರಜೆಯಲ್ಲಿ ನಾವು ದಾವಣಗೆರೆಯಿಂದ ಹೊರಟಾಗ ನಮ್ಮ ಯೋಜನೆಯೂ ಹೀಗೆಯೇ ಇತ್ತು. ಅದನ್ನು ತಲೆಕೆಳಗು ಮಾಡಿದವರು ನನ್ನ ಭಾವ. ಅಕ್ಕನ ಮನೆ ಇರುವುದು ಮಲ್ಪೆಗೆ ಹತ್ತಿರದ ಕೊಡವೂರಿನಲ್ಲಿ. ಭಾವ ಬಂದರಿನ ಐಸ್ ಪ್ಲಾಂಟ್ ಒಂದರಲ್ಲಿ ಲೆಕ್ಕ ಬರೆಯುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ, “ಕಡಲು ಸಂಜೆಯೂ ಅಲ್ಲೇ ಇರುತ್ತದೆ ಮಾರಾಯ, ಎಲ್ಲಿಗೂ ಓಡುವುದಿಲ್ಲ. ಮಕ್ಕಳನ್ನು ಬೆಳಗ್ಗೆ ಐದಕ್ಕೆ ಎಬ್ಬಿಸು, ಬಂದರಿಗೆ ಹೋಗುವ” ಎಂದರು.

ಐದೂವರೆಗೆ ಬೋಟುಗಳು ನಿಲ್ಲುವ ದಕ್ಕೆಯಲ್ಲಿದ್ದೆವು. ಇನ್ನೂ ಕತ್ತಲು, ಆದರೆ ದೀಪಗಳ ಬೆಳಕಿನಲ್ಲಿ ಕೆಲಸ ಆಗಲೇ ಕಾವೇರಿತ್ತು. ಬೋಟುಗಳು ಒಂದರ ಪಕ್ಕ ಒಂದು, ಸಾಲಿನ ಹಿಂದೆ ಸಾಲು ನಿಂತಿದ್ದವು. ಹಿಂದಿನ ಬೋಟಿನವರು ಮುಂದಿನ ಬೋಟುಗಳನ್ನು ದಾಟಿಕೊಂಡೇ ದಡಕ್ಕೆ ಬರುತ್ತಿದ್ದರು. ಡೀಸೆಲ್, ಮೀನು, ಒದ್ದೆ ಹಗ್ಗ ಎಲ್ಲ ಸೇರಿದ ವಾಸನೆಗೆ ಮಗಳು ಮೊದಲು ಮೂಗು ಮುಚ್ಚಿಕೊಂಡಳು. ಆಮೇಲೆ ನೋಡುವುದರಲ್ಲಿ ಮುಳುಗಿ ಕೈ ತಾನಾಗಿಯೇ ಕೆಳಗಿಳಿಯಿತು. ಒಂದು ಕಡೆ ಮಂಜುಗಡ್ಡೆಯ ದಿಮ್ಮಿಗಳನ್ನು ಯಂತ್ರಕ್ಕೆ ತಳ್ಳುತ್ತಿದ್ದರು. ಪುಡಿಯಾದ ಮಂಜು ಸದ್ದು ಮಾಡುತ್ತ ಬೋಟಿನ ಹೊಟ್ಟೆಗೆ ಸುರಿಯುತ್ತಿತ್ತು. ಆಳಸಮುದ್ರದ ಬೋಟು ಒಮ್ಮೆ ಹೋದರೆ ಹತ್ತು ಹನ್ನೆರಡು ದಿನ ಕಡಲಿನಲ್ಲೇ. ಮೊದಲ ದಿನ ಹಿಡಿದ ಮೀನನ್ನು ಕೊನೆಯ ದಿನದವರೆಗೆ ಕಾಯುವುದು ಈ ಮಂಜುಗಡ್ಡೆಯೇ.

ನೆಲದ ಮೇಲೆ ರಾಶಿ ರಾಶಿ ಬಂಗುಡೆ, ಬೂತಾಯಿ. ಬುಟ್ಟಿಗಳಲ್ಲಿ ಬೊಂಡಾಸ್, ಅಂದರೆ ಸ್ಕ್ವಿಡ್. ಬೇರೆಯಾಗಿ ಇಟ್ಟ ಅಂಜಲ್ ಮತ್ತು ಮಾಂಜಿಯ ಮುಂದೆ ಗಿರಾಕಿಗಳ ಗುಂಪು. ಗುಲಾಬಿ ಬಣ್ಣದ ಪುಟ್ಟ ಮೀನುಗಳ ದೊಡ್ಡ ರಾಶಿ ಕಂಡು ಮಗಳಿಗೆ ಆಸೆಯಾಯಿತು. ಅದು ರಾಣಿ ಮೀನು. ಅದರ ಬಹುಪಾಲು ಕಾರ್ಖಾನೆ ಸೇರಿ, ಅರೆದು ಸುರಿಮಿ ಎಂಬ ಮೀನಿನ ಮುದ್ದೆಯಾಗಿ ಹೊರದೇಶಕ್ಕೆ ಹೋಗುತ್ತದೆ ಎಂದು ಭಾವ ಹೇಳಿದರು.

ಹರಾಜಿನ ಜಾಗದಲ್ಲಿ ನಾನು ಬಹಳ ಹೊತ್ತು ನಿಂತೆ. ಕೂಗುವವನ ಬಾಯಿಂದ ಬರುವ ತುಳು ಅಂಕಿಗಳು ನನಗೆ ಅರ್ಥವಾಗಲಿಲ್ಲ. ಆದರೆ ಎದುರು ನಿಂತ ಹೆಂಗಸರ ಮುಖಗಳು ಎಲ್ಲವನ್ನೂ ಹೇಳುತ್ತಿದ್ದವು. ಸೀರೆಯನ್ನು ಮೇಲಕ್ಕೆ ಕಟ್ಟಿಕೊಂಡ ಒಬ್ಬ ಹಿರಿಯ ಹೆಂಗಸು ರಾಶಿಯಿಂದ ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರಿನ ಮುಚ್ಚಳ ಸರಿಸಿ ನೋಡಿ, ಹೊಟ್ಟೆಯನ್ನು ಒಮ್ಮೆ ಒತ್ತಿ, ಕ್ಷಣದೊಳಗೆ ಹಿಂದಕ್ಕೆ ಹಾಕಿದರು. ಕೂಗು ಏರುತ್ತಿದ್ದರೂ ಅವರು ಕದಲಲಿಲ್ಲ. ಪಕ್ಕದ ರಾಶಿಗೆ ಮಾತ್ರ ತಲೆಯಾಡಿಸಿದರು. ಮಗಳು ಧೈರ್ಯ ಮಾಡಿ ಕೇಳಿದ್ದಕ್ಕೆ, “ಕಿವಿರು ರಕ್ತದ ಬಣ್ಣ ಇರಬೇಕು ಮಗಳೇ, ಕಂದಿದ್ದರೆ ತೆಗೆದುಕೊಳ್ಳಬೇಡ” ಎಂದು ಒಂದು ಮೀನನ್ನು ಬಿಡಿಸಿ ತೋರಿಸಿದರು. ಅವರು ಅದನ್ನೆಲ್ಲ ಬುಟ್ಟಿಗೆ ತುಂಬಿಕೊಂಡು ಮನೆ ಮನೆಗೆ ಹೋಗಿ ಮಾರಬೇಕು. ಇಲ್ಲಿ ಕಣ್ಣು ತಪ್ಪಿದರೆ ಅವತ್ತಿನ ದುಡಿಮೆ ಹೋಯಿತು. ಕರಾವಳಿಯ ಮೀನುಗಾರಿಕೆ ಎಂದಾಗ ನಾವು ಕಡಲಿಗಿಳಿಯುವ ಗಂಡಸರನ್ನಷ್ಟೇ ನೆನೆಯುತ್ತೇವೆ. ಬಂದರಿನ ಅರ್ಧ ಬುದ್ಧಿ ಈ ಹೆಂಗಸರದ್ದು ಎಂದು ನನಗೆ ಅಲ್ಲಿ ನಿಂತಾಗ ಖಚಿತವಾಯಿತು.

ಸ್ವಲ್ಪ ಆಚೆ ಬಲೆ ರಿಪೇರಿ ನಡೆಯುತ್ತಿತ್ತು. ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು, ಚಪ್ಪಟೆ ಸೂಜಿಯಲ್ಲಿ ದಾರ ಹಾಯಿಸಿ, ಒಂದೊಂದೇ ಕಣ್ಣಿಗೆ ಗಂಟು ಹಾಕುತ್ತಿದ್ದ ತರುಣ ಒಡಿಶಾದವನಂತೆ. ಬೋಟು ನಡೆಸುವ ತಂಡೇಲ ಇಲ್ಲಿಯವನಾದರೂ ಅವನ ಕೈಕೆಳಗೆ ದುಡಿಯುವ ಕಲಾಸಿಗಳಲ್ಲಿ ಉತ್ತರ ಕನ್ನಡದವರು, ಒಡಿಶಾ, ಜಾರ್ಖಂಡ್‌ಗಳಿಂದ ಬಂದವರು ಬಹಳ. ಅಲ್ಲಿಯೇ ಭಾವ ಸುವರ್ಣ ತ್ರಿಭುಜದ ಮಾತು ತೆಗೆದರು. 2018ರ ಡಿಸೆಂಬರ್‌ನಲ್ಲಿ ಇದೇ ಬಂದರಿನಿಂದ ಏಳು ಮಂದಿಯೊಂದಿಗೆ ಹೊರಟ ಬೋಟು ಅದು. ಅದರ ಅವಶೇಷ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲಿನಲ್ಲಿ. ಏಳು ಮಂದಿಯಲ್ಲಿ ಯಾರೂ ಮರಳಲಿಲ್ಲ. ತಟ್ಟೆಗೆ ಬರುವ ಮೀನಿನ ಹಿಂದೆ ಇದೂ ಇದೆಯೆಂದು ಮಕ್ಕಳಿಗೆ ತಿಳಿಯಬೇಕು. ನನ್ನ ಮಗಳು ಕೇಳಿಸಿಕೊಂಡಳು, ತಡೆಯಲು ನನಗೆ ಮನಸ್ಸಾಗಲಿಲ್ಲ.

ಹೋಗುವವರಿಗೆ ಒಂದು ಮಾತು. ಅದು ದುಡಿಯುವ ಜಾಗ. ತಲೆಯ ಮೇಲೆ ಬುಟ್ಟಿ ಹೊತ್ತು ಓಡುವವರ ದಾರಿಗೆ ಅಡ್ಡ ನಿಲ್ಲಬಾರದು, ಕೇಳದೆ ಯಾರ ಮುಖಕ್ಕೂ ಮೊಬೈಲ್ ಹಿಡಿಯಬಾರದು. ನೆಲ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಬೇಕು.

ತಿಂಡಿ ಮುಗಿಸಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಇಲ್ಲಿಯವರು ಅದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಸೇಂಟ್ ಮೇರಿಯ ಹೆಸರಿಟ್ಟ ಎಂಬ ಮಾತು ಪ್ರಚಾರದಲ್ಲಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಲ್ಲು. ಯಾರೋ ಕಡೆದು ಜೋಡಿಸಿಟ್ಟಂತೆ ಐದು, ಆರು, ಏಳು ಮುಖಗಳ ಕಂಬಗಳು ಒತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ತಣ್ಣಗಾಗಿ, ಕುಗ್ಗಿ, ಬಿರುಕುಬಿಟ್ಟು ಹೀಗಾಯಿತು. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಇಷ್ಟು ಹಳೆಯ ಕಲ್ಲಿನ ಸಂದಿಯಲ್ಲಿ ಚಿಪ್ಸ್ ಪೊಟ್ಟಣ ಸಿಕ್ಕಿಕೊಂಡಿರುವುದನ್ನು ಕಂಡಾಗ ನಿಜಕ್ಕೂ ಸಿಟ್ಟು ಬಂತು. ನಾವು ಕೈಗೆ ಸಿಕ್ಕಿದ್ದನ್ನು ಹೆಕ್ಕಿ ತಂದೆವು.

ಮರಳಿ ಬಂದು ವಡಭಾಂಡೇಶ್ವರದ ಬಲರಾಮನಿಗೆ ಕೈಮುಗಿದೆವು. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ಉತ್ತರೀಯ ಬೀಸಿ ದಡ ಸೇರಿಸಿದರು, ಅದರಲ್ಲಿದ್ದ ಗೋಪೀಚಂದನದೊಳಗೆ ಉಡುಪಿಯ ಕೃಷ್ಣ ಸಿಕ್ಕಿದ ಎಂಬ ಕಥೆ ಈ ಕಡಲತೀರದ್ದೇ. ಮನೆಯಲ್ಲಿ ಅಕ್ಕ ಬೆಳಗ್ಗೆ ತಂದ ಬಂಗುಡೆಗೆ ಬ್ಯಾಡಗಿ ಮೆಣಸು, ತೆಂಗಿನಕಾಯಿ, ಹುಳಿ ಅರೆದು ಸಾರು ಮಾಡಿದ್ದಳು. ಕುಚ್ಚಲಕ್ಕಿ ಅನ್ನಕ್ಕೆ ಅದಕ್ಕಿಂತ ಒಳ್ಳೆಯ ಜೊತೆಯಿಲ್ಲ.

ಮಳೆಗಾಲದಲ್ಲಿ ಬಂದರೆ ಇದ್ಯಾವುದೂ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಟ್ಟು ಬೆಳೆಯಲು ಬಿಡುವ ಕಾಲ ಅದು. ದ್ವೀಪಕ್ಕೂ ಆಗ ದೋಣಿಯಿಲ್ಲ. ಶ್ರಾವಣದಲ್ಲಿ ಇಲ್ಲಿಯ ಮೀನುಗಾರ ಸಮುದಾಯದ ಮೊಗವೀರರು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುತ್ತಾರೆ. ಅದನ್ನು ನೋಡಬೇಕೆಂದು ಮಗಳು ಹಟ ಹಿಡಿದಿದ್ದಾಳೆ. ಆಗಸ್ಟ್‌ನಲ್ಲಿ ರಜೆಗೆ ಅರ್ಜಿ ಹಾಕಿದ್ದೇನೆ, ಭಾವನಿಗೆ ಫೋನ್ ಮಾಡಿ ತಿಳಿಸಿಯೂ ಆಗಿದೆ.