ನಡುಗುವ ಮೊದಲು ಕೇಳುವ ಸದ್ದು: ಚೆಂಬಿನಿಂದ ಈವರೆಗಿನ ವರದಿ

ಭೂಕಂಪಕ್ಕೆ ಮೊದಲೇ ಸದ್ದು ಕೇಳುತ್ತದೆ ಎನ್ನುವವರ ಮಾತನ್ನು ಪರೀಕ್ಷಿಸಲು ಇಟ್ಟ ಜಿಯೋಫೋನ್ (ನೆಲದ ನಡುಕ ಅಳೆಯುವ ಯಂತ್ರ) ಕೊನೆಗೂ ಸರಿಯಾದ ಜಾಗದಲ್ಲಿ ಕೂತಿತು. ಕಾಫಿ ಗೋಡೌನ್ ಮೂಲೆಯಲ್ಲಿ ನೆಲ ಅಗೆದು, ಗಟ್ಟಿ ಕಲ್ಲು ಸಿಕ್ಕಲ್ಲಿ ಸಣ್ಣ ಸಿಮೆಂಟ್ ಕಟ್ಟೆ ಕಟ್ಟಿದ್ದೇವೆ. ಮನೆಯೊಳಗಿದ್ದಾಗ ಫ್ರಿಜ್ ಆನ್ ಆದರೂ ಅದು ದಾಖಲಿಸುವ ಗೆರೆ ಕುಣಿಯುತ್ತಿತ್ತು. ಈಗ ಜೀಪ್ ಮತ್ತು ಪಂಪ್‌ಸೆಟ್ ಕಾಟ ಮಾತ್ರ.

ಹೊಸದಾಗಿ ಓದುವವರಿಗೆ: 2022ರ ಜೂನ್ ಕೊನೆಯಲ್ಲಿ ಕೊಡಗಿನ ನಮ್ಮ ಚೆಂಬು, ಸಂಪಾಜೆ, ಪಕ್ಕದ ಸುಳ್ಯ ಕಡೆ ನೆಲ ಮತ್ತೆ ಮತ್ತೆ ನಡುಗಿತು. ಜೂನ್ 28ರ ಬೆಳಿಗ್ಗೆ ಬಂದದ್ದು 3.0 ತೀವ್ರತೆಯದ್ದು. ಅದರ ಬಗ್ಗೆ ಇಲ್ಲಿ ಕೇಳಿದರೆ ಜನ ಮೊದಲು ಹೇಳುವುದು ನಡುಕಕ್ಕೆ ಸ್ವಲ್ಪ ಮುಂಚೆ ಕೇಳಿದ ಸದ್ದಿನ ಬಗ್ಗೆ. ಅದರಲ್ಲಿ ಪವಾಡವೇನೂ ಇಲ್ಲ. ಭೂಕಂಪದ ಪಿ ಅಲೆ ಕಲ್ಲಿನೊಳಗೆ ಸೆಕೆಂಡಿಗೆ ಸುಮಾರು 6 ಕಿ.ಮೀ. ಓಡುತ್ತದೆ. ಜೋರಾಗಿ ಅಲುಗಾಡಿಸುವ ಎಸ್ ಅಲೆಯದ್ದು ಸುಮಾರು 3.5 ಕಿ.ಮೀ. ಪಿ ಅಲೆ ಮೇಲೆ ಬಂದಾಗ ನೆಲ ಗಾಳಿಯನ್ನೂ ನಡುಗಿಸುತ್ತದೆ. ಅದರಲ್ಲಿ 20 ಹರ್ಟ್ಸ್ (ಸೆಕೆಂಡಿಗೆ 20 ಕಂಪನ) ದಾಟಿದ್ದು ನಮ್ಮ ಕಿವಿಗೆ ಗುಡುಗಿನ ಹಾಗೆ ಕೇಳುತ್ತದೆ. 10 ಕಿ.ಮೀ. ದೂರದ ಕಂಪನವಾದರೆ ಸದ್ದಿಗೂ ಅಲುಗಾಟಕ್ಕೂ ನಡುವೆ ಒಂದು ಸೆಕೆಂಡ್ ಚಿಲ್ಲರೆ.

ನನ್ನ ತಲೆ ತಿನ್ನುತ್ತಿರುವುದು ಇನ್ನೊಂದು ಗುಂಪು. ಭೂಕಂಪದ ಹಿಂದಿನ ರಾತ್ರಿಯೇ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎನ್ನುವವರು. ನಮ್ಮ ದೊಡ್ಡಮ್ಮನೂ ಅವರಲ್ಲೊಬ್ಬರು. ಅಮೆರಿಕದ ಓರೆಗಾನ್‌ನಲ್ಲಿ ಶಾರ್ಲೆಟ್ ಕಿಂಗ್ ಎಂಬಾಕೆ ದಶಕಗಳ ಹಿಂದೆಯೇ ಇಂಥದ್ದನ್ನು ಹೇಳಿ ಹೆಸರು ಮಾಡಿದ್ದರು. ಆದರೆ ಜಗತ್ತಿನಲ್ಲಿ 4 ತೀವ್ರತೆ ದಾಟಿದ ಭೂಕಂಪ ವರ್ಷಕ್ಕೆ 10,000ಕ್ಕೂ ಜಾಸ್ತಿ. ‘ಎಲ್ಲೋ ಒಂದು ಕಡೆ ಆಗುತ್ತೆ’ ಅಂದರೆ ದಿನಾ ಆಗಿಯೇ ಆಗುತ್ತೆ, ಅಲ್ವಾ? ಅದಕ್ಕೇ ನಿಯಮ ಮೊದಲೇ ಗಟ್ಟಿ ಮಾಡಿದ್ದೇವೆ. ಸದ್ದು ಕೇಳಿ 24 ಗಂಟೆಯೊಳಗೆ, ಕೊಡಗು ಅಥವಾ ಸುಳ್ಯದಲ್ಲಿ ಕಂಪನ ದಾಖಲಾದರೆ ಮಾತ್ರ ಲೆಕ್ಕ. ಸದ್ದು ಕೇಳಿಯೂ ಏನೂ ಆಗದ ದಿನಗಳನ್ನೂ ಬರೆದಿಡಬೇಕು. ಆಮೇಲೆ ನೆನಪಾಗಿ ಹೇಳಿದ್ದು ಬೇಡ.

ಪುಸ್ತಕದಲ್ಲಿ ಸಮಯ ಬರೆಯಿರಿ ಅಂದರೆ ದೊಡ್ಡಮ್ಮ ಒಪ್ಪಲಿಲ್ಲ. “ಗುಂಯ್ ಅಂದಾಗ ಕನ್ನಡಕ ಹುಡುಕೋದಾ, ಗಡಿಯಾರ ನೋಡೋದಾ ಮಗಾ?” ನ್ಯಾಯವಾದ ಮಾತು. ಈಗ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಸಮಯ ತಾನಾಗಿಯೇ ಬೀಳುತ್ತದೆ. ಒಂದು ಮೆಸೇಜ್ ಹೀಗಿದೆ: “ಬಂತು ನೋಡು, ಎಡಗಿವಿಗೆ.” ಆ ಹೊತ್ತಿನ ಗೆರೆ ಚಪ್ಪಟೆ. ಇನ್ನೊಂದು ರಾತ್ರಿ “ಧಡ್ ಅಂತು” ಅಂದಾಗ ಗೆರೆಯಲ್ಲೂ ಮುಳ್ಳಿನಂತೆ ಎದ್ದಿತ್ತು. ವಿಚಾರಿಸಿದರೆ ಪಕ್ಕದ ತೋಟದವರು ಆನೆ ಓಡಿಸಲು ಪಟಾಕಿ ಹೊಡೆದಿದ್ದರು!

ನಿಯಮದ ಪ್ರಕಾರ ಹೊಂದಿಕೆಯಾದದ್ದು ಇನ್ನೂ ಒಂದೂ ಇಲ್ಲ. ಆದರೆ ಚಪ್ಪಟೆ ಗೆರೆ ನೋಡಿ ಸದ್ದೇ ಇರಲಿಲ್ಲ ಎನ್ನುವಂತಿಲ್ಲ. ನಮ್ಮ ಯಂತ್ರ ಸೆಕೆಂಡಿಗೆ 100 ಸಲ ಅಳೆಯುತ್ತದೆ, ಒಂದು ಕಂಪನ ಹಿಡಿಯಲು ಕನಿಷ್ಠ ಎರಡು ಸಲ ಅಳೆಯಬೇಕು, ಹಾಗಾಗಿ 50 ಹರ್ಟ್ಸ್‌ಗಿಂತ ಮೇಲಿನದು ಅದಕ್ಕೆ ಸಿಗದು. ಪಕ್ಕದಲ್ಲೊಂದು ಮೈಕ್ ಬೇಕೇ ಬೇಕು. ಶೀಟಿನ ಮೇಲೆ ಮಳೆ ಬಿದ್ದರೆ ಅದಕ್ಕೂ ಬೇರೇನೂ ಕೇಳಿಸುವುದಿಲ್ಲ. ಗೋಣಿಚೀಲಗಳ ನಡುವೆ ಹುದುಗಿಸಿ ನೋಡುವ ಯೋಚನೆ ಇದೆ. ಮಳೆ ಸದ್ದು ತಗ್ಗಿಸುವ ಬೇರೆ ಉಪಾಯ ಗೊತ್ತಿದ್ದರೆ ಹೇಳಿ.